ಧ್ವನಿ ಎಲ್ಲಿ ಹೋಯ್ತು? ‘ಯೆಸ್ಟರ್‌ವಿಂಡ್’ ಕೇಳಿದವರ ಎರಡು ಗುಂಪು

ಹಾಡು ಶುರುವಾಗಿ ನಿಮಿಷ ದಾಟಿದರೂ ಗಾಯಕಿಯ ಸುಳಿವಿಲ್ಲ. ಪಿಟೀಲುಗಳು ಏರುತ್ತವೆ. ಅವುಗಳ ಹಿಂದೆಯೇ ಕೋರಸ್ ಏರುತ್ತದೆ. ಹಿತ್ತಾಳೆ ವಾದ್ಯಗಳು ತುಂಬಿಕೊಳ್ಳುತ್ತವೆ. ಆಮೇಲೆ ಗಿಟಾರ್, ಡ್ರಮ್ಸ್ ಒಟ್ಟಿಗೆ ಬಂದು ಬೀಳುತ್ತವೆ. ಅಷ್ಟೆಲ್ಲ ಆದ ಮೇಲೆ ಫ್ಲೋರ್ ಯಾನ್ಸೆನ್ ಬಾಯಿ ತೆರೆಯುತ್ತಾರೆ.

ಎಂಟು ನಿಮಿಷ ದಾಟುವ ಈ ಹಾಡು ‘ಪರ್ಫ್ಯೂಮ್ ಆಫ್ ದ ಟೈಮ್‌ಲೆಸ್’. ಫಿನ್ಲೆಂಡಿನ ನೈಟ್‌ವಿಶ್ ಬ್ಯಾಂಡ್ ತನ್ನ ಹೊಸ ಆಲ್ಬಂನಿಂದ ಮೊದಲು ಹೊರಬಿಟ್ಟಿದ್ದು ಇದನ್ನೇ, 2024ರ ಮೇ ತಿಂಗಳಲ್ಲಿ. ಆವತ್ತಿನಿಂದಲೇ ಅಭಿಮಾನಿಗಳು ಎರಡಾದರು. ಒಂದು ಕಡೆಯವರಿಗೆ ಮೈ ಜುಮ್ಮೆಂದಿತು. ಇನ್ನೊಂದು ಕಡೆಯವರು ಒಂದೇ ಮಾತು ಕೇಳಿದರು: ಇಷ್ಟು ದೊಡ್ಡ ಗಾಯಕಿಯನ್ನು ಇಟ್ಟುಕೊಂಡು ಅವರ ಧ್ವನಿಯನ್ನು ಯಾಕೆ ಹಿಂದಕ್ಕೆ ತಳ್ಳಿದ್ದೀರಿ?

ಸೆಪ್ಟೆಂಬರ್ 20ಕ್ಕೆ ‘ಯೆಸ್ಟರ್‌ವಿಂಡ್’ ಪೂರ್ತಿ ಬಂತು. ಹನ್ನೆರಡು ಹಾಡು, ಎಪ್ಪತ್ತು ನಿಮಿಷಕ್ಕೂ ಜಾಸ್ತಿ. ಬ್ಯಾಂಡಿನ ಹತ್ತನೇ ಸ್ಟುಡಿಯೋ ಆಲ್ಬಂ. ಆ ಮಾತು ನಿಲ್ಲಲಿಲ್ಲ, ಇನ್ನೂ ಗಟ್ಟಿಯಾಯಿತು. ಇದು ಬರೀ ‘ನನಗೆ ಇಷ್ಟ, ನಿನಗೆ ಇಷ್ಟವಿಲ್ಲ’ ಅನ್ನುವ ಜಗಳ ಅಂತ ನನಗೆ ಅನಿಸುವುದಿಲ್ಲ. ಇದರ ಬೇರು ಸಿಂಫೋನಿಕ್ ಮೆಟಲ್‌ನ, ಅಂದರೆ ಗಡಸು ಗಿಟಾರಿನ ಮೆಟಲ್ ಸಂಗೀತಕ್ಕೆ ಆರ್ಕೆಸ್ಟ್ರಾ ಬೆರೆಸುವ ಈ ಶೈಲಿಯ, ಒಳಗೇ ಇದೆ. ಜೊತೆಗೆ ಈ ಆಲ್ಬಂಗೆ ಹಿಂದಿನ ಯಾವುದಕ್ಕೂ ಬಾರದ ಒಂದು ಸ್ಥಿತಿ ಬಂತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಧ್ವನಿಯ ವಿಷಯ.

‘ಧ್ವನಿ ಮುಳುಗಿದೆ’ ಅನ್ನುವವರು ಸುಮ್ನೆ ಕೊಂಕು ತೆಗೆಯುತ್ತಿಲ್ಲ. ಅವರ ಕಿವಿಗೆ ಬಿದ್ದದ್ದು ನಿಜವಾದ ಸಂಗತಿ. ಪಿಟೀಲಿನ ಅತಿ ಕೆಳಗಿನ ತಂತಿ ಸುಮಾರು 196 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸಿ, ಮೊಳಗುತ್ತದೆ. ಹೆಣ್ಣು ಧ್ವನಿಯ ಮಾಮೂಲಿ ಹಾಡುಗಾರಿಕೆ ಶುರುವಾಗುವುದೂ ಹೆಚ್ಚುಕಡಿಮೆ ಅಲ್ಲೇ. ಅಂದರೆ ಪಿಟೀಲು, ಗಾಯಕಿ ಇಬ್ಬರೂ ಒಂದೇ ಬೀದಿಯವರು. ಗಿಟಾರ್ ಇನ್ನೂ ಕೆಳಗಿನದು, ಆರನೇ ತಂತಿ 82 ಹರ್ಟ್ಸ್‌ನದು. ಆದರೆ ಮೆಟಲ್ ಗಿಟಾರ್‌ಗೆ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಹಾಕುತ್ತಾರಲ್ಲ, ಅದು ಆ ಒಂದು ಸ್ವರದ ಮೇಲೆ ಹತ್ತಾರು ಮೇಲಿನ ಸ್ವರಗಳನ್ನು ಎಬ್ಬಿಸಿ ಹರಡುತ್ತದೆ. ಅವು ನೇರವಾಗಿ ಬಂದು ಗಾಯಕಿಯ ಜಾಗದಲ್ಲೇ ಕೂರುತ್ತವೆ. ಇನ್ನು ಕೋರಸ್ ಅಂದರೆ ಅದೂ ಮನುಷ್ಯರ ಧ್ವನಿಯೇ. ಅದಕ್ಕೆ ಬೇರೆ ಜಾಗ ಎಲ್ಲಿಂದ ಬರಬೇಕು?

ನಮ್ಮ ಕಿವಿಗೆ ಒಂದು ಗುಣ ಇದೆ. ಹತ್ತಿರ ಹತ್ತಿರದ ಎರಡು ಸದ್ದು ಒಟ್ಟಿಗೆ ಬಂದರೆ ಜೋರಾಗಿರುವುದು ಮೆಲ್ಲಗಿರುವುದನ್ನು ಮುಚ್ಚಿಬಿಡುತ್ತದೆ. ಮೆಲ್ಲಗಿನ ಸದ್ದು ಅಲ್ಲಿಂದ ಹೋಗಿರುವುದಿಲ್ಲ, ಕೇಳುವುದಿಲ್ಲ ಅಷ್ಟೇ. ಹಾಡಿನ ಮಾತು ನಮಗೆ ಅರ್ಥವಾಗುವುದು ಮುಖ್ಯವಾಗಿ ವ್ಯಂಜನಗಳಿಂದ. ‘ಸ’, ‘ತ’, ‘ಕ’ ಇಂಥವುಗಳ ಚೂಪು ಸುಮಾರು ಎರಡು ಸಾವಿರ ಹರ್ಟ್ಸ್‌ನಿಂದ ಮೇಲೆ ಜಾಸ್ತಿ ಇರುತ್ತದೆ. ಗಿಟಾರಿನ ಗರಗಸದಂಥ ಸದ್ದು, ಪಿಟೀಲುಗಳ ಹೊಳಪು, ಸಿಂಬಲ್‌ಗಳ ಏಟು ಎಲ್ಲವೂ ಅಲ್ಲಿ ಗುಂಪುಗೂಡುತ್ತವೆ. ಹಾಗಾಗಿ ಫ್ಲೋರ್ ಹಾಡುತ್ತಿರುವುದು ನಮಗೆ ಗೊತ್ತಾಗುತ್ತದೆ, ಏನು ಹಾಡುತ್ತಿದ್ದಾರೆ ಅನ್ನುವುದು ಗೊತ್ತಾಗುವುದಿಲ್ಲ.

ಈ ಆಲ್ಬಂನಲ್ಲಿ ಇನ್ನೊಂದು ಸಂಗತಿಯೂ ಸೇರಿದೆ. ಫ್ಲೋರ್ ಅವರ ಧ್ವನಿಯನ್ನೇ ಹಲವು ಪದರವಾಗಿ ಒಂದರ ಮೇಲೊಂದು ಹಾಸಿದ್ದಾರೆ. ಅವರೇ ಅವರ ಜೊತೆಗೆ ಹಾರ್ಮನಿ ಹಾಡುತ್ತಾರೆ. ಒಬ್ಬರೇ ನಾಲ್ಕು ಸಲ ಹಾಡಿದರೂ ನಾಲ್ಕೂ ಕೂದಲೆಳೆಯಷ್ಟು ಬೇರೆ ಇರುತ್ತವೆ. ಆ ಸಣ್ಣ ವ್ಯತ್ಯಾಸಗಳು ಸೇರಿ ಧ್ವನಿ ಅಗಲವಾಗುತ್ತದೆ, ಮೆತ್ತಗಾಗುತ್ತದೆ. ಆದರೆ ಅದರ ಮೊನೆ ಸವೆಯುತ್ತದೆ. ಎದುರಿಗೆ ನಿಂತು ಹಾಡುವ ಒಬ್ಬ ಹೆಂಗಸು ನಿಮಗೆ ಕಾಣುವುದಿಲ್ಲ. ಅವರ ಬದಲು ಒಂದು ಮಂಜು ಕಾಣುತ್ತದೆ. ಚೆಂದದ ಮಂಜು, ನಿಜ. ಆದರೆ ಹುಡುಕಿಕೊಂಡು ಬಂದವರಿಗೆ ಬೇಕಾಗಿದ್ದು ಆ ಹೆಂಗಸು, ಅಲ್ವಾ?

ನಾನು ಇದನ್ನು ಎರಡು ರೀತಿಯಲ್ಲಿ ಕೇಳಿ ನೋಡಿದೆ. ಮೊದಲ ಸಲ ಫೋನಿನಲ್ಲಿ, ಸಣ್ಣ ಇಯರ್‌ಫೋನ್ ಹಾಕಿಕೊಂಡು. ಪೂರ್ತಿ ಗೋಡೆ. ಪಲ್ಲವಿ ಬಂದಾಗ ಧ್ವನಿ ಗೋಡೆಯ ಆಚೆ. ಎರಡನೇ ಸಲ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್, ಸುತ್ತ ಸದ್ದಿಲ್ಲ, ಸಾಹಿತ್ಯ ಕೈಯಲ್ಲಿ. ಆಗ ಗೋಡೆ ಕೊಂಚ ಬಿಚ್ಚಿಕೊಂಡಿತು. ಎಡಗಡೆ ಕೋರಸ್‌ನ ಗಂಡಸರು, ಬಲಗಡೆ ಎಲ್ಲೋ ಬ್ಯಾಂಡಿನ ಟ್ರಾಯ್ ಡೊನಾಕ್ಲಿಯ ಪೈಪ್ ವಾದ್ಯ, ನಡುವೆ ಫ್ಲೋರ್. ಸಾಹಿತ್ಯ ಓದುತ್ತಾ ಕೇಳಿದರೆ ಮಾತು ತನ್ನಷ್ಟಕ್ಕೆ ಸ್ಪಷ್ಟವಾಗುತ್ತದೆ. ಕಣ್ಣು ಕಿವಿಗೆ ಸಹಾಯ ಮಾಡುತ್ತದೆ. ಹಾಗಾದರೆ ತಪ್ಪು ಫೋನಿನಲ್ಲಿ ಕೇಳಿದವರದ್ದೇ? ಖಂಡಿತ ಅಲ್ಲ. ಹೆಚ್ಚಿನ ಜನ ಹಾಡು ಕೇಳುವುದೇ ಹಾಗೆ. ಅವರಿಗೂ ಕೇಳಿಸಬೇಕು. ದೊಡ್ಡ ಹೆಡ್‌ಫೋನ್ ಇದ್ದವರು ‘ನಿಮಗೆ ಕೇಳಲು ಬರುವುದಿಲ್ಲ’ ಅಂತ ಉಳಿದವರಿಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಮೆಟಲ್ ಕೇಳುವವರು ಮಿಕ್ಸಿಂಗ್ ಬಗ್ಗೆ, ಅಂದರೆ ಯಾವ ಸದ್ದು ಎಷ್ಟು ಜೋರಾಗಿ ಕೇಳಬೇಕು ಅನ್ನುವ ಹೊಂದಾಣಿಕೆಯ ಬಗ್ಗೆ, ತಲೆ ಕೆಡಿಸಿಕೊಳ್ಳುವುದು ಹೊಸದೇನಲ್ಲ. 2008ರಲ್ಲಿ ಅಮೆರಿಕದ ಮೆಟಾಲಿಕಾ ಬ್ಯಾಂಡಿನ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಬಂದಾಗ, ಸದ್ದನ್ನು ವಿಪರೀತ ಜೋರು ಮಾಡಿ ಹಾಳು ಮಾಡಿದ್ದಾರೆ ಅಂತ ಸಾವಿರಾರು ಜನ ಮನವಿಗೆ ಸಹಿ ಹಾಕಿದ್ದರು. ಅದೇ ಹಾಡುಗಳು ಒಂದು ವಿಡಿಯೋ ಗೇಮಿನಲ್ಲಿ ಹೆಚ್ಚು ಸ್ವಚ್ಛವಾಗಿ ಕೇಳಿಸುತ್ತವೆ ಅನ್ನುವುದನ್ನು ಪತ್ತೆ ಮಾಡಿದವರೂ ಅಭಿಮಾನಿಗಳೇ. ಕಿವಿ ಪಳಗಿದ ಜನ ಇವರು. ಇವರ ದೂರನ್ನು ತಳ್ಳಿಹಾಕುವ ಮುಂಚೆ ಒಮ್ಮೆ ಕೇಳಬೇಕು.

ಆದರೆ ಧ್ವನಿ ಮುಳುಗಿದ್ದಕ್ಕೆ ಇಷ್ಟು ನೋವು ಯಾಕೆ? ಅದಕ್ಕೆ ಯಾರು ಯಾವ ಬಾಗಿಲಿನಿಂದ ಒಳಗೆ ಬಂದರು ಅಂತ ನೋಡಬೇಕು.

ನೈಟ್‌ವಿಶ್ ಹುಟ್ಟಿದ್ದು 1996ರಲ್ಲಿ, ಫಿನ್ಲೆಂಡಿನ ಪೂರ್ವದ ಕಿಟೆ ಎಂಬ ಸಣ್ಣ ಊರಿನಲ್ಲಿ. ಕೀಬೋರ್ಡ್ ನುಡಿಸುವ ಟುವೊಮಾಸ್ ಹೊಲೊಪೈನೆನ್, ಗಿಟಾರಿನ ಎಂಪ್ಪು ವೂರಿನೆನ್, ಗಾಯಕಿ ತಾರ್ಯಾ ಟುರುನೆನ್ ಸೇರಿ ಶುರುಮಾಡಿದ್ದು. ಸಿಬೆಲಿಯಸ್ ಅಕಾಡೆಮಿ ಎಂಬ ಸಂಗೀತ ಶಾಲೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿತ ತಾರ್ಯಾ ಮೆಟಲ್ ಗಿಟಾರಿನ ಮೇಲೆ ಒಪೆರಾ ಧ್ವನಿಯಲ್ಲಿ ಹಾಡಿದರು. 1998ರ ‘ಓಷನ್‌ಬಾರ್ನ್’ ಆಲ್ಬಂ ಕೇಳಿ ಒಳಗೆ ಬಂದವರ ಬಾಗಿಲು ಅದು, ಮೊದಲನೆಯದು. 2005ರ ಅಕ್ಟೋಬರ್ 21ರಂದು ಹೆಲ್ಸಿಂಕಿಯಲ್ಲಿ ದೊಡ್ಡ ಕಛೇರಿ ಮುಗಿಸಿದ ಮೇಲೆ ಅವರ ಕೈಗೆ ಒಂದು ಪತ್ರ ಕೊಟ್ಟು ಬ್ಯಾಂಡಿನಿಂದ ಹೊರಗೆ ಕಳಿಸಿದರು. ಆ ಪತ್ರವನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು ಕೂಡ. ಆ ಗಾಯ ಕೆಲವರಲ್ಲಿ ಇವತ್ತಿಗೂ ಮಾಯ್ದಿಲ್ಲ. ನಾನು ಅವರನ್ನು ದೂರುವುದಿಲ್ಲ.

ಆಮೇಲೆ ಬಂದ ಆನೆಟ್ ಓಲ್ಸನ್ ಅವರದ್ದು ಪಾಪ್ ಧಾಟಿಯ ಧ್ವನಿ. 2007ರ ‘ಡಾರ್ಕ್ ಪ್ಯಾಶನ್ ಪ್ಲೇ’ ಬಂದಾಗ ಎಷ್ಟು ಬೈಗುಳ ಕೇಳಬೇಕಾಯಿತು ಅವರು! ಯಾವ ತಪ್ಪೂ ಮಾಡದ ಹೆಣ್ಣುಮಗಳು. ಅವರು ಹಾಡಿದ 2011ರ ‘ಇಮ್ಯಾಜಿನೇರಂ’ ಇವತ್ತು ಅನೇಕರ ಅಚ್ಚುಮೆಚ್ಚಿನ ಆಲ್ಬಂ. ಅವತ್ತು ಹಾಗಿರಲಿಲ್ಲ.

2012ರ ಅಕ್ಟೋಬರ್‌ನಲ್ಲಿ, ಅಮೆರಿಕ ಪ್ರವಾಸದ ನಡುವೆ ಆನೆಟ್ ಹೊರಬಿದ್ದರು. ನೆದರ್ಲೆಂಡ್ಸ್‌ನ ಫ್ಲೋರ್ ಯಾನ್ಸೆನ್ ವಿಮಾನ ಹತ್ತಿ ಸಿಯಾಟಲ್‌ಗೆ ಬಂದು ಮೈಕ್ ಹಿಡಿದರು. ಮುಂದಿನ ವರ್ಷ, 2013ರ ಆಗಸ್ಟ್‌ನಲ್ಲಿ, ಜರ್ಮನಿಯ ವಾಕೆನ್ ಉತ್ಸವ. ಅಲ್ಲಿ ಅವರು ‘ಘೋಸ್ಟ್ ಲವ್ ಸ್ಕೋರ್’ ಹಾಡಿದರು. ಹತ್ತು ನಿಮಿಷದ ಈ ಹಾಡು 2004ರ ‘ಒನ್ಸ್’ ಆಲ್ಬಂನದು, ಮೂಲತಃ ತಾರ್ಯಾ ಹಾಡಿದ್ದು. ಕೊನೆಯ ಭಾಗದಲ್ಲಿ ಅದೇ ಸಾಲು ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲ ಫ್ಲೋರ್ ಒಂದು ಮೆಟ್ಟಿಲು ಮೇಲೆ ಹೋಗುತ್ತಾರೆ. ಒಪೆರಾದಿಂದ ಶುರುಮಾಡಿ, ಎದೆಯ ಧ್ವನಿಗೆ ಬಂದು, ಕೊನೆಗೆ ಪೂರ್ತಿ ಗಂಟಲು ತೆರೆದು ಒಂದು ಸ್ವರವನ್ನು ಎತ್ತಿ ಹಿಡಿದು ನಿಲ್ಲುತ್ತಾರೆ. ಮುಗಿದ ಮೇಲೆ ಅವರ ಮುಖದಲ್ಲಿ ಒಂದು ನಗು. ಆ ವಿಡಿಯೋ ನೋಡಿ ನೈಟ್‌ವಿಶ್‌ಗೆ ಬಂದವರಿಗೆ ಲೆಕ್ಕವಿಲ್ಲ. 2019ರಲ್ಲಿ ‘ಬೆಸ್ಟೆ ಜಾಂಗರ್ಸ್’ ಎಂಬ ಡಚ್ ಟಿವಿ ಕಾರ್ಯಕ್ರಮದಲ್ಲಿ ಅವರು ಹಾಡಿದ್ದನ್ನು ನೋಡಿ ಬಂದವರು ಬೇರೆ. ಅವರಲ್ಲಿ ಎಷ್ಟೋ ಮಂದಿ ಅದಕ್ಕೂ ಮುಂಚೆ ಮೆಟಲ್ ಕೇಳಿದವರೇ ಅಲ್ಲ.

ಈ ಎರಡನೇ ಬಾಗಿಲಿನಿಂದ ಬಂದವರು ಬಂದಿದ್ದು ಒಂದು ಬೆತ್ತಲೆ ಧ್ವನಿಗಾಗಿ. ವೇದಿಕೆ ಮೇಲೆ, ಕ್ಯಾಮೆರಾ ಮುಂದೆ, ಪದರವಿಲ್ಲದ ಧ್ವನಿ. ‘ಯೆಸ್ಟರ್‌ವಿಂಡ್’ನಲ್ಲಿ ಅವರಿಗೆ ಸಿಕ್ಕಿದ್ದು ಅದೇ ಧ್ವನಿಯ ನಾಲ್ಕು ಪದರ, ಅದರ ಮೇಲೆ ಆರ್ಕೆಸ್ಟ್ರಾ. ಮೋಸ ಹೋದಂತೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮೂರನೇ ಬಾಗಿಲಿನವರೂ ಇದ್ದಾರೆ. ಅವರಿಗೆ ಬೇಕಾಗಿದ್ದು ಮಾರ್ಕೊ ಹಿಯೆತಾಲಾ. ಬಾಸ್ ಗಿಟಾರ್ ಹಿಡಿದು ಗಡಸು ಧ್ವನಿಯಲ್ಲಿ ಹಾಡುತ್ತಿದ್ದ ಮನುಷ್ಯ, ಸುಮಾರು ಇಪ್ಪತ್ತು ವರ್ಷ ಬ್ಯಾಂಡಿನಲ್ಲಿದ್ದರು. 2021ರ ಜನವರಿಯಲ್ಲಿ ಹೊರಗೆ ಹೋದರು. ಹೆಣ್ಣು ಧ್ವನಿ ಮುಗಿಲಿನಲ್ಲಿ, ಮಾರ್ಕೊ ನೆಲದ ಮೇಲೆ, ಆ ಜಗ್ಗಾಟವೇ ಎಷ್ಟೋ ಹಾಡುಗಳ ಬೆನ್ನೆಲುಬಾಗಿತ್ತು. ಹೊಸ ಆಲ್ಬಂನಲ್ಲಿ ಗಂಡು ಧ್ವನಿ ಟ್ರಾಯ್ ಅವರದ್ದು. ಮೆದುವಾದ, ಜಾನಪದ ಧಾಟಿಯ ಧ್ವನಿ. ಚೆನ್ನಾಗಿದೆ. ಆದರೆ ಜಗ್ಗಾಟ ಇಲ್ಲ. ಅದೇ 2024ರಲ್ಲಿ ತಾರ್ಯಾ ಮತ್ತು ಮಾರ್ಕೊ ಒಟ್ಟಿಗೆ ಪ್ರವಾಸ ಹೊರಟು ಒಂದೇ ವೇದಿಕೆಯಲ್ಲಿ ಹಾಡಿದರು. ಹಳಬರ ಎದೆ ಎಷ್ಟು ಭಾರವಾಗಿರಬೇಕು ಯೋಚಿಸಿ.

ಇನ್ನೊಂದು ಗುಂಪು ಇದೆ. ಇವರ ಮಾತು ಅಷ್ಟಾಗಿ ಕೇಳಿಬರುವುದಿಲ್ಲ, ಯಾಕೆಂದರೆ ಖುಷಿಯಾಗಿರುವವರು ಕಮ್ಮಿ ಮಾತಾಡುತ್ತಾರೆ. ಇವರಿಗೆ ನೈಟ್‌ವಿಶ್ ಅಂದರೆ ಗಾಯಕಿ ಅಲ್ಲ, ಟುವೊಮಾಸ್. ಹಾಡು ಬರೆಯುವವನು, ಸಿನಿಮಾ ಸಂಗೀತ ಕೇಳಿ ಬೆಳೆದವನು, ಹಾನ್ಸ್ ಜಿಮ್ಮರ್ ಅಂದರೆ ಪ್ರಾಣ ಅನ್ನುವವನು. ‘ಡಾರ್ಕ್ ಪ್ಯಾಶನ್ ಪ್ಲೇ’ಗಾಗಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ದೊಡ್ಡ ಆರ್ಕೆಸ್ಟ್ರಾ ಕೂರಿಸಿದ ಬ್ಯಾಂಡ್ ಇದು. 2015ರ ಆಲ್ಬಂನಲ್ಲಿ ಜೀವವಿಕಾಸದ ಬಗ್ಗೆ 24 ನಿಮಿಷದ ಒಂದೇ ಹಾಡು ಮಾಡಿ, ವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರಿಂದ ಮಾತಾಡಿಸಿದರು. 2020ರಲ್ಲಿ ಜೋಡಿ ಆಲ್ಬಂ ಮಾಡಿ, ಎರಡನೆಯ ಡಿಸ್ಕ್ ಪೂರ್ತಿ ಆರ್ಕೆಸ್ಟ್ರಾಕ್ಕೇ ಬಿಟ್ಟರು. ‘ಯೆಸ್ಟರ್‌ವಿಂಡ್’ ಆ ಮೂರು ಆಲ್ಬಂಗಳ ಸರಣಿಯ ಕೊನೆಯ ಕೊಂಡಿ. ಈ ದಾರಿಯಲ್ಲಿ ಬಂದವರಿಗೆ ಧ್ವನಿ ಎಂಬುದು ದೊಡ್ಡ ಚಿತ್ರದ ಒಂದು ಬಣ್ಣ. ಅದು ಉಳಿದ ಬಣ್ಣಗಳ ಜೊತೆ ಕಲಸಿಕೊಂಡರೆ ಇವರಿಗೆ ನಷ್ಟವೇ ಇಲ್ಲ.

ಹೀಗೆ ನೋಡಿದರೆ, ಒಂದೇ ಹೆಸರಿನ ಬ್ಯಾಂಡಿಗೆ ಮೂರು ನಾಲ್ಕು ಬೇರೆ ಬೇರೆ ಅಭಿಮಾನಿ ಬಳಗ ಇದೆ. ಸಿಂಫೋನಿಕ್ ಮೆಟಲ್ ಅಂದರೆ ಧ್ವನಿ, ಆರ್ಕೆಸ್ಟ್ರಾ, ಗಿಟಾರ್ ಮೂರೂ ಸಮಸಮ ಅಂತ ಹೆಸರೇ ಹೇಳುತ್ತದೆ. ಆದರೆ ಸದ್ದಿನ ಜಾಗ ಒಂದೇ. ಒಂದನ್ನು ಮುಂದೆ ತಂದರೆ ಇನ್ನೊಂದು ಹಿಂದೆ ಸರಿಯಲೇಬೇಕು. ಗಿಟಾರ್ ಪ್ರೀತಿಸುವವರು ಎಂಪ್ಪು ಎಲ್ಲಿ ಹೋದರು ಅಂತ ವರ್ಷಗಳಿಂದ ಕೇಳುತ್ತಲೇ ಇದ್ದಾರೆ ಪಾಪ.

ಹಾಗಂತ ಆರ್ಕೆಸ್ಟ್ರಾ ಕಡಿಮೆ ಮಾಡಿದವರು ನೆಮ್ಮದಿಯಾಗಿದ್ದಾರಾ? ಇಲ್ಲ. ನೆದರ್ಲೆಂಡ್ಸ್‌ನ ವಿದಿನ್ ಟೆಂಪ್ಟೇಶನ್ 2014ರಲ್ಲಿ ಒಬ್ಬ ರ‍್ಯಾಪರ್‌ನನ್ನು ಕರೆಸಿ ಹಾಡಿಸಿತು. 2019ರ ‘ರೆಸಿಸ್ಟ್’ನಲ್ಲಿ ಎಲೆಕ್ಟ್ರಾನಿಕ್ ಸದ್ದು ತುಂಬಿಸಿತು. ಆಗ ಬಂದ ದೂರು ಇದರ ತಿರುಗುಮುರುಗು: ನಿಮ್ಮ ಸಿಂಫನಿ ಎಲ್ಲಿ? ಸ್ವೀಡನ್ನಿನ ಥೆರಿಯನ್ 1996ರ ‘ಥೆಲಿ’ಯಿಂದ ಈ ಶೈಲಿಗೆ ದಾರಿ ಹಾಕಿಕೊಟ್ಟ ಬ್ಯಾಂಡ್. 2012ರಲ್ಲಿ ಅವರು ಹಳೆಯ ಫ್ರೆಂಚ್ ಹಾಡುಗಳನ್ನು ಮೆಟಲ್‌ನಲ್ಲಿ ಹಾಡಿ ಒಂದು ಆಲ್ಬಂ ಮಾಡಿದಾಗ ಅರ್ಧ ಜನ ತಲೆ ಚಚ್ಚಿಕೊಂಡರು. ಯಾವ ಕಡೆ ಕಾಲಿಟ್ಟರೂ ಯಾರದೋ ಕಾಲು ತುಳಿದಂತೆ ಆಗುತ್ತದೆ ಇಲ್ಲಿ.

ಇಷ್ಟೆಲ್ಲ ಹಿಂದೆಯೂ ಇತ್ತು. ಆದರೂ ಹಿಂದಿನ ಜಗಳಗಳು ತಣ್ಣಗಾದವು. ಈ ಸಲದ್ದು ಯಾಕೆ ಆರುತ್ತಿಲ್ಲ? ಮೊದಲೇ ಹೇಳುತ್ತೇನೆ ಅಂದಿದ್ದು ಇದನ್ನೇ. ಈ ಆಲ್ಬಂ ಜೊತೆಗೆ ಪ್ರವಾಸ ಇಲ್ಲ ಅಂತ ಬ್ಯಾಂಡ್ 2023ರಲ್ಲೇ ಹೇಳಿಬಿಟ್ಟಿತ್ತು. ಅದಕ್ಕೆ ಅವರನ್ನು ಯಾರೂ ದೂರಬಾರದು. ಫ್ಲೋರ್ ಅವರಿಗೆ 2022ರಲ್ಲಿ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಗಿ ಚಿಕಿತ್ಸೆ ಆಯಿತು. 2023ರಲ್ಲಿ ಎರಡನೇ ಮಗು ಹುಟ್ಟಿತು. ವರ್ಷಗಟ್ಟಲೆ ಊರೂರು ಸುತ್ತಿದ ಜನಕ್ಕೆ ಮನೆ ಬೇಕು.

ಆದರೆ ಹಾಡುಗಳಿಗೆ ಇದರಿಂದ ಒಂದು ನಷ್ಟವಾಯಿತು. ನೈಟ್‌ವಿಶ್ ಹಾಡುಗಳು ಎರಡು ಸಲ ಹುಟ್ಟುತ್ತವೆ. ಒಮ್ಮೆ ಸ್ಟುಡಿಯೋದಲ್ಲಿ, ಇನ್ನೊಮ್ಮೆ ವೇದಿಕೆಯಲ್ಲಿ. ಸ್ಟುಡಿಯೋದಲ್ಲಿ ನೂರು ಪದರ ಹಾಕಬಹುದು. ವೇದಿಕೆಯಲ್ಲಿ ಫ್ಲೋರ್‌ಗೆ ಇರುವುದು ಒಂದು ಗಂಟಲು. ಆರ್ಕೆಸ್ಟ್ರಾ ರೆಕಾರ್ಡಿಂಗ್‌ನಿಂದ ಬರುತ್ತದೆ, ಅದನ್ನು ತಗ್ಗಿಸುತ್ತಾರೆ. ಗಿಟಾರ್ ಮುಂದೆ ಬರುತ್ತದೆ. ಜನಕ್ಕೆ ಮಾತು ಕೇಳಬೇಕು, ಹಾಗಾಗಿ ಧ್ವನಿ ಎಲ್ಲಕ್ಕಿಂತ ಮುಂದೆ. ಹಾಡಿನ ಎಲುಬು ಕಾಣುವುದು ಆಗಲೇ. ‘ಘೋಸ್ಟ್ ಲವ್ ಸ್ಕೋರ್’ ಅನ್ನು ಈಗ ಕೋಟ್ಯಂತರ ಕಿವಿಗಳು ನೆನಪಿಟ್ಟುಕೊಂಡಿರುವುದು ವಾಕೆನ್‌ನ ರೂಪದಲ್ಲಿ, ಹಾಡು ಹುಟ್ಟಿ ಒಂಬತ್ತು ವರ್ಷ ಆದ ಮೇಲೆ ಬಂದ ರೂಪದಲ್ಲಿ. ‘ಧ್ವನಿ ಮುಳುಗಿದೆ’ ಅನ್ನುವವರಿಗೆ ಪ್ರತಿ ಸಲ ವೇದಿಕೆ ಉತ್ತರ ಕೊಡುತ್ತಿತ್ತು. ಈ ಸಲ ಉತ್ತರ ಕೊಡುವವರೇ ಇಲ್ಲ. ಸ್ಟುಡಿಯೋದ ಮಿಕ್ಸ್ ಒಂದೇ ಸಾಕ್ಷಿ. ಅದನ್ನೇ ಮತ್ತೆ ಮತ್ತೆ ಕೇಳಿ, ಎರಡೂ ಕಡೆಯವರು ತಮ್ಮ ತಮ್ಮ ಮಾತಿಗೆ ಗಟ್ಟಿಯಾಗಿ ಅಂಟಿಕೊಂಡರು.

2020ರ ಆಲ್ಬಂಗೂ ಇಂಥದ್ದೇ ಸ್ವಲ್ಪ ಆಗಿತ್ತು. ಅದು ಬಂದಿದ್ದು ಏಪ್ರಿಲ್‌ನಲ್ಲಿ, ಕೊರೊನಾ ನಡುವೆ. ಪ್ರವಾಸ ಮುಂದಕ್ಕೆ ಹೋಯಿತು. ಜನ ಆ ಹಾಡುಗಳ ಬಗ್ಗೆ ಬಹಳ ದಿನ ಅನುಮಾನದಲ್ಲೇ ಇದ್ದರು. ಆಮೇಲೆ ಕಛೇರಿಗಳು ಶುರುವಾದವು, ಹಾಡುಗಳು ಜನರ ಬಾಯಿಗೆ ಬಂದವು.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಮಿಕ್ಸ್ ಬಗ್ಗೆ ದೂರುವವರ ಜೊತೆ ನಾನಿದ್ದೇನೆ. ಧ್ವನಿ ಎರಡು ಹೆಜ್ಜೆ ಮುಂದೆ ಬರಬೇಕಿತ್ತು. ಆಲ್ಬಂ ಉದ್ದವಾಯಿತು ಅನ್ನುವುದಕ್ಕೂ ನನ್ನ ಒಪ್ಪಿಗೆ ಇದೆ. ನಡುವೆ ಒಂದೆರಡು ಹಾಡು ಬಂದು ಹೋದದ್ದೇ ಗೊತ್ತಾಗುವುದಿಲ್ಲ. ಆದರೆ ‘ಬ್ಯಾಂಡ್ ಮುಗಿಯಿತು, ಹೇಳಲು ಏನೂ ಉಳಿದಿಲ್ಲ’ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

‘ದ ಚಿಲ್ಡ್ರನ್ ಆಫ್ ಆಟಾ’ ಹಾಡನ್ನೇ ತೆಗೆದುಕೊಳ್ಳಿ. 1965ರಲ್ಲಿ ಟೊಂಗಾದ ಆರು ಹುಡುಗರು ದೋಣಿಯೊಂದನ್ನು ತೆಗೆದುಕೊಂಡು ಸಮುದ್ರಕ್ಕೆ ಹೋದರು. ಬಿರುಗಾಳಿಗೆ ಸಿಕ್ಕರು. ಆಟಾ ಎಂಬ ಜನವಿಲ್ಲದ ದ್ವೀಪಕ್ಕೆ ಬಂದು ಬಿದ್ದರು. ಒಂದು ವರ್ಷಕ್ಕೂ ಮೇಲೆ ಅಲ್ಲೇ ಬದುಕಿದರು. ಬೆಂಕಿ ಆರದಂತೆ ಕಾದರು, ಒಬ್ಬನ ಕಾಲು ಮುರಿದಾಗ ಉಳಿದವರು ನೋಡಿಕೊಂಡರು. 1966ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಒಬ್ಬ ದೋಣಿಗಾರ ಅವರನ್ನು ಕಂಡು ಕರೆತಂದ. ಆರು ಜನವೂ ಬದುಕಿದ್ದರು. ಮನುಷ್ಯರು ಒಬ್ಬರನ್ನೊಬ್ಬರು ಕೈಬಿಡದ ಕಥೆ. ಇಪ್ಪತ್ತೆಂಟು ವರ್ಷದ ಬ್ಯಾಂಡ್ ಒಂದು ಇದನ್ನು ಹುಡುಕಿ ತಂದು ಹಾಡು ಮಾಡಿದೆ ಅಂದರೆ, ಅವರಲ್ಲಿ ಇನ್ನೂ ಕುತೂಹಲ ಇದೆ ಅಂತ ತಾನೇ ಅರ್ಥ? ದುಃಖ ಏನೆಂದರೆ, ಈ ಕಥೆ ಗೊತ್ತಿಲ್ಲದವರಿಗೆ ಹಾಡಿನ ಮಾತಿನಿಂದ ಅದು ತಿಳಿಯುವುದು ಕಷ್ಟ. ಮತ್ತೆ ಅದೇ ಮಂಜು.

ಕೊನೆಯ ಹಾಡು ‘ಲ್ಯಾಂಟರ್ನ್‌ಲೈಟ್’. ಎಪ್ಪತ್ತು ನಿಮಿಷದ ಅಬ್ಬರ ಇಲ್ಲಿ ಇಳಿಯುತ್ತದೆ. ಪಿಯಾನೋ ಮೆಲ್ಲಗೆ, ಅದರ ಮೇಲೆ ಫ್ಲೋರ್. ಡ್ರಮ್ಸ್ ಗುಡುಗುವುದಿಲ್ಲ, ಗಿಟಾರ್ ಗರ್ಜಿಸುವುದಿಲ್ಲ. ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸುವಷ್ಟು ಹತ್ತಿರ. ಆಲ್ಬಂ ಇಷ್ಟಪಟ್ಟವರನ್ನು ಕೇಳಿ, ಇಷ್ಟಪಡದವರನ್ನು ಕೇಳಿ, ಈ ಹಾಡಿನ ಬಗ್ಗೆ ಜಗಳ ಆಡುವವರು ಬಹಳ ಕಮ್ಮಿ. ಅದೇ ಫೋನಿನಲ್ಲಿ, ಅದೇ ಸಣ್ಣ ಇಯರ್‌ಫೋನಿನಲ್ಲಿ ಇದನ್ನೂ ಹಾಕಿ ಕೇಳಿದೆ. ಒಂದು ಮಾತೂ ತಪ್ಪಲಿಲ್ಲ.